ಒಂದು ಕೊಳವೆ, 180 ಕಡ್ಡಿ: ಸಾಂಟಾ ರೀಟಾದಲ್ಲಿ ಮಣ್ಣಿನ ಹಸಿ ಅಳೆದ ಪ್ರಕರಣ

ಅಮೆರಿಕದ ಅರಿಝೋನಾ ರಾಜ್ಯದಲ್ಲಿ, ಟೂಸಾನ್ ನಗರದ ದಕ್ಷಿಣಕ್ಕೆ, ಸಾಂಟಾ ರೀಟಾ ಅನ್ನುವ ಪ್ರಯೋಗದ ಹುಲ್ಲುಗಾವಲು ಇದೆ. ಹೆಸರಿಗೆ ಹುಲ್ಲುಗಾವಲು, ಕಣ್ಣಿಗೆ ಕಾಣುವುದು ಒಣ ಮಣ್ಣು ಮತ್ತು ಅಲ್ಲೊಂದು ಇಲ್ಲೊಂದು ಕುರುಚಲು ಗಿಡ. ವರ್ಷದ ಮಳೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜುಲೈನಿಂದ ಸೆಪ್ಟೆಂಬರ್ ಒಳಗೆ ಬಂದುಹೋಗುತ್ತದೆ. ಆ ಬಯಲಿನ ನಡುವೆ ಒಂದು ಕಂಬ. ಕಂಬಕ್ಕೆ ಬಿಗಿದ ಪೆಟ್ಟಿಗೆ, ಅದರೊಳಗೆ ಅನಿಲ ತುಂಬಿದ ಲೋಹದ ಕೊಳವೆ, ಪಕ್ಕದಲ್ಲಿ ಸೋಲಾರ್ ಫಲಕ. ಕೊಳವೆ ಮಣ್ಣನ್ನು ಮುಟ್ಟಿಲ್ಲ. ಆದರೂ ಸುತ್ತಲಿನ ಎಕರೆಗಟ್ಟಲೆ ನೆಲದಲ್ಲಿ ಎಷ್ಟು ನೀರಿದೆ ಅಂತ ಗಂಟೆಗೊಮ್ಮೆ ಲೆಕ್ಕ ಕೊಡುತ್ತದೆ.

ಆ ಲೆಕ್ಕವನ್ನು ನಂಬುವುದು ಹೇಗೆ? ಈ ಪ್ರಶ್ನೆ ಹಿಡಿದುಕೊಂಡು ವಿಜ್ಞಾನಿಗಳಾದ ಟ್ರೆಂಟನ್ ಫ್ರಾಂಝ್, ಮಾರೆಕ್ ಝ್ರೇಡಾ ಮತ್ತು ಸಂಗಡಿಗರು ಅದೇ ಬಯಲಲ್ಲಿ 18 ಕಡೆ ನೆಲ ಅಗೆದರು. ಬೇರೆ ಬೇರೆ ಆಳದಲ್ಲಿ ಒಟ್ಟು 180 ತೇವಾಂಶದ ಕಡ್ಡಿಗಳನ್ನು ಹೂತರು. ನೆಲದ ಮೇಲೆ ಒಂದು ಕೊಳವೆ, ನೆಲದೊಳಗೆ 180 ಕಡ್ಡಿ. ಒಂದೇ ಮಣ್ಣು, ಒಂದೇ ಮಳೆ. ಫಲಿತಾಂಶ 2012ರಲ್ಲಿ ಪ್ರಕಟವಾಯಿತು.

ಹೊಸ ಉಪಕರಣದ ಹೊಗಳಿಕೆ ಎಲ್ಲ ಕಡೆ ಸಿಗುತ್ತದೆ. ಅದನ್ನು ಇಷ್ಟು ಶ್ರಮಪಟ್ಟು ಒರೆಗೆ ಹಚ್ಚಿ, ಎಲ್ಲಿ ತಾಳೆ ಬೀಳಲಿಲ್ಲ ಅಂತ ಕೂತು ನೋಡಿದ ಕೆಲಸ ಅಪರೂಪ. ಅದಕ್ಕೇ ಈ ಪ್ರಕರಣವನ್ನೇ ಆರಿಸಿಕೊಂಡೆ.

ಹಿಡಿ ಮಣ್ಣಿಗೂ ಉಪಗ್ರಹಕ್ಕೂ ನಡುವೆ

ಮಣ್ಣಿನ ಹಸಿ ಅಳೆಯಲು ಆಗಲೇ ದಾರಿಗಳಿದ್ದವು. ಹೂತ ಕಡ್ಡಿ ವಿದ್ಯುತ್ ಮಿಡಿತವೊಂದನ್ನು ಓಡಿಸಿ, ಅದು ಎಷ್ಟು ಹೊತ್ತಿಗೆ ಇನ್ನೊಂದು ತುದಿ ಮುಟ್ಟಿತು ಅಂತ ನೋಡುತ್ತದೆ. ನೀರು ಜಾಸ್ತಿ ಇದ್ದರೆ ಮಿಡಿತ ನಿಧಾನ. ಚೆನ್ನಾಗಿಯೇ ಅಳೆಯುತ್ತದೆ, ಆದರೆ ಅದಕ್ಕೆ ಗೊತ್ತಿರುವುದು ತನ್ನ ಸುತ್ತಲಿನ ಕೆಲವು ಸೆಂಟಿಮೀಟರ್ ಮಾತ್ರ. ನಾಲ್ಕು ಹೆಜ್ಜೆ ಆಚೆ ಗಿಡದ ನೆರಳಲ್ಲಿ ಇನ್ನೊಂದು ಕಡ್ಡಿ ಹೂತರೆ ಬೇರೆಯದೇ ಅಂಕಿ ಬರುತ್ತದೆ. ಪಕ್ಕದಲ್ಲಿ ಒಂದು ಕಲ್ಲು ಸಿಕ್ಕಿದರೆ ಮತ್ತೂ ಬೇರೆ.

ಇನ್ನೊಂದು ತುದಿಯಲ್ಲಿ ಉಪಗ್ರಹ. 2015ರಲ್ಲಿ ನಾಸಾ ಹಾರಿಸಿದ ಸ್ಮ್ಯಾಪ್ ಉಪಗ್ರಹದ ರೇಡಿಯೋಮೀಟರ್ ಸುಮಾರು 40 ಕಿಲೋಮೀಟರ್ ಅಗಲದ ನೆಲಕ್ಕೆ ಒಂದು ಅಂಕಿ ಕೊಡುತ್ತದೆ. ಅದೂ ಮೇಲಿನ 5 ಸೆಂಟಿಮೀಟರ್ ಮಣ್ಣಿನದು. ಹಿಡಿ ಮಣ್ಣಿಗೂ 40 ಕಿಲೋಮೀಟರಿಗೂ ನಡುವೆ ದೊಡ್ಡದೊಂದು ಖಾಲಿ ಜಾಗ ಉಳಿಯಿತು. ಬೆಳೆ ಬೆಳೆಯುವುದು, ಯಾವತ್ತು ನೀರು ಬಿಡಬೇಕು ಅಂತ ತೀರ್ಮಾನ ಆಗುವುದು, ಹಳ್ಳಕ್ಕೆ ನೀರು ಇಳಿಯುವುದು ಎಲ್ಲ ಆ ಖಾಲಿ ಜಾಗದಲ್ಲೇ ಅಲ್ವಾ? ಅಲ್ಲಿಗೆ ತಕ್ಕ ಅಳತೆ ಇರಲಿಲ್ಲ. ಕೊಳವೆ ಬಂದದ್ದು ಅಲ್ಲಿಗೆ.

ಒಂದು ನ್ಯೂಟ್ರಾನಿನ ದಾರಿ

ಕೊಳವೆ ನೀರನ್ನು ನೋಡುವುದೇ ಇಲ್ಲ. ಅದು ನ್ಯೂಟ್ರಾನ್ ಎಣಿಸುತ್ತದೆ, ಅಷ್ಟೇ. ಒಂದೇ ಒಂದು ನ್ಯೂಟ್ರಾನಿನ ಹಿಂದೆ ಹೋಗಿ ನೋಡೋಣ.

ಸೌರಮಂಡಲದ ಆಚೆ ಎಲ್ಲೋ ಹುಟ್ಟಿದ ಒಂದು ಪ್ರೋಟಾನ್ ಭಾರಿ ವೇಗದಲ್ಲಿ ನಮ್ಮ ಗಾಳಿಯ ಪದರಕ್ಕೆ ಬಂದು ಬಡಿಯುತ್ತದೆ. ಇದೇ ಕಾಸ್ಮಿಕ್ ಕಿರಣ. 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ ಮೇಲೇರಿ ಪತ್ತೆ ಹಚ್ಚಿದ್ದು ಇದನ್ನೇ. ಬಡಿದ ಪೆಟ್ಟಿಗೆ ಗಾಳಿಯ ಅಣುವಿನ ಬೀಜ ಒಡೆಯುತ್ತದೆ, ಚೂರುಗಳು ಇನ್ನಷ್ಟು ಅಣುಗಳನ್ನು ಒಡೆಯುತ್ತವೆ. ಹೀಗೆ ಕವಲೊಡೆದು ಇಳಿಯುವ ಕಣಗಳಲ್ಲಿ ಜೋರಾದ ಕೆಲವು ನ್ಯೂಟ್ರಾನ್‌ಗಳು ನೆಲಕ್ಕೂ ಹೊಕ್ಕು, ಮಣ್ಣಿನ ಅಣುಗಳಿಂದ ಹೊಸ ನ್ಯೂಟ್ರಾನ್‌ಗಳನ್ನು ಹೊರಗೆ ದೂಡುತ್ತವೆ. ಹೀಗೆ ಹೊರಬಂದದ್ದರ ಶಕ್ತಿ ಸುಮಾರು 10 ರಿಂದ 20 ಲಕ್ಷ ಎಲೆಕ್ಟ್ರಾನ್ ವೋಲ್ಟ್. ನಮ್ಮ ನ್ಯೂಟ್ರಾನ್ ಇದರಲ್ಲಿ ಒಂದು.

ಈಗ ಅದು ಮಣ್ಣಿನೊಳಗೆ ಡಿಕ್ಕಿ ಹೊಡೆಯುತ್ತಾ ಹೋಗುತ್ತದೆ. ಗೋಲಿಯನ್ನು ಗುಂಡುಕಲ್ಲಿಗೆ ಹೊಡೆದರೆ ಪುಟಿದು ವಾಪಸ್ ಬರುತ್ತದೆ, ಓಟ ಅಷ್ಟೇನೂ ಕಡಿಮೆ ಆಗುವುದಿಲ್ಲ. ಅದೇ ಗಾತ್ರದ ಇನ್ನೊಂದು ಗೋಲಿಗೆ ನೇರ ಹೊಡೆದರೆ, ಹೊಡೆದ ಗೋಲಿ ನಿಂತುಬಿಡುತ್ತದೆ, ಹೊಡೆಸಿಕೊಂಡದ್ದು ಓಡುತ್ತದೆ. ಮಣ್ಣಿನ ಸಿಲಿಕಾನ್, ಆಮ್ಲಜನಕ ಎಲ್ಲ ನ್ಯೂಟ್ರಾನಿನ ಪಾಲಿಗೆ ಗುಂಡುಕಲ್ಲು. ಜಲಜನಕ ಮಾತ್ರ ಅದರಷ್ಟೇ ತೂಕದ ಗೋಲಿ. ನ್ಯೂಟ್ರಾನ್ ಪೂರ್ತಿ ಸುಸ್ತಾಗಲು ಜಲಜನಕವಾದರೆ ಸರಾಸರಿ 18 ಡಿಕ್ಕಿ ಸಾಕು. ಆಮ್ಲಜನಕವಾದರೆ ಸುಮಾರು 150 ಬೇಕು. ಸಿಲಿಕಾನ್‌ಗೆ ಇನ್ನೂ ಜಾಸ್ತಿ.

ಮಣ್ಣಿನಲ್ಲಿ ಜಲಜನಕ ಸಿಗುವುದು ಬಹುಪಾಲು ನೀರಿನಲ್ಲಿ. ಹಾಗಾಗಿ ಹಸಿ ಮಣ್ಣು ನ್ಯೂಟ್ರಾನ್‌ಗಳನ್ನು ಒಳಗೇ ಸುಸ್ತು ಮಾಡಿಬಿಡುತ್ತದೆ. ಒಣ ಮಣ್ಣಿನಿಂದ ಅವು ಇನ್ನೂ ಚುರುಕಾಗಿಯೇ ಹೊರಬಿದ್ದು, ಗಾಳಿಯಲ್ಲಿ ನೂರಾರು ಮೀಟರ್ ಅಲೆದಾಡಿ, ಬೇರೆ ಬೇರೆ ಕಡೆಯಿಂದ ಬಂದವು ಒಂದಕ್ಕೊಂದು ಬೆರೆಯುತ್ತವೆ. ಕೊಳವೆ ಈ ಬೆರಕೆಯಿಂದ ಕೆಲವನ್ನು ಹಿಡಿಯುತ್ತದೆ. ಅದರ ಮೈಗೆ ಸುಮಾರು ಎರಡೂವರೆ ಸೆಂಟಿಮೀಟರ್ ದಪ್ಪದ ಪ್ಲಾಸ್ಟಿಕ್ ಹೊದಿಕೆ. ಅದನ್ನು ದಾಟುವಾಗ ನ್ಯೂಟ್ರಾನಿನ ವೇಗ ತಗ್ಗಿ, ಅದು ಒಳಗಿನ ಹೀಲಿಯಂ-3 ಅನಿಲಕ್ಕೆ ಸಿಕ್ಕಿಬೀಳುತ್ತದೆ. ಒಂದು ಸಣ್ಣ ವಿದ್ಯುತ್ ಮಿಡಿತ. ಎಣಿಕೆ ಒಂದು.

ಮಳೆ ಬಂದರೆ ಎಣಿಕೆ ಇಳಿಯುತ್ತದೆ, ಬಿಸಿಲು ಹೊಡೆದರೆ ಏರುತ್ತದೆ. ಬಾರದೆ ಹೋದ ನ್ಯೂಟ್ರಾನ್‌ಗಳೇ ನೀರಿನ ಸುಳಿವು. ಈ ಮಾತು ನನಗೆ ಈಗಲೂ ಅಚ್ಚರಿ ತರುತ್ತದೆ.

ಯೋಚನೆ ಝ್ರೇಡಾ ಅವರಿಂದಲೇ ಶುರುವಾದದ್ದಲ್ಲ. ಜಪಾನಿನ ಮಸಾಹಿರೋ ಕೊಡಾಮಾ 1970ರ ದಶಕದಲ್ಲೇ ಕಾಸ್ಮಿಕ್ ನ್ಯೂಟ್ರಾನ್‌ಗಳಿಂದ ಹಿಮದ ನೀರು ಅಳೆದಿದ್ದರು, 1985ರಲ್ಲಿ ಮಣ್ಣಿನ ತೇವಾಂಶವನ್ನೂ ಅಳೆದರು. ಅವರು ಕೊಳವೆಯನ್ನು ಮಣ್ಣಿನೊಳಗೆ ಇಟ್ಟಿದ್ದರು. ಹಾಗಾಗಿ ಅದು ಕಂಡದ್ದು ತನ್ನ ಅಕ್ಕಪಕ್ಕದ ಮಣ್ಣು ಮಾತ್ರ. ಬಂಡೆಗಳ ವಯಸ್ಸನ್ನು ಕಾಸ್ಮಿಕ್ ಕಿರಣಗಳ ಗುರುತಿನಿಂದ ಲೆಕ್ಕ ಹಾಕುತ್ತಿದ್ದ ಝ್ರೇಡಾ ಅವರಿಗೆ ನೀರು ಮತ್ತು ಹಿಮ ಲೆಕ್ಕ ಕೆಡಿಸುವ ತಲೆನೋವಾಗಿದ್ದವು. ಅವರೂ ಡಾರಿನ್ ಡೆಸಿಲೆಟ್ಸ್ ಮೊದಲಾದವರೂ ಆ ತಲೆನೋವನ್ನೇ ಅಳತೆಗೋಲು ಮಾಡಿಕೊಂಡರು. ಕೊಳವೆಯನ್ನು ಮಣ್ಣಿನಿಂದ ಎತ್ತಿ ನೆಲದ ಮೇಲೆ ಇಟ್ಟರು, 2008ರಲ್ಲಿ ಪ್ರಕಟಿಸಿದರು. ಆ ಎರಡು ಮೀಟರ್ ಎತ್ತರದ ಬದಲಾವಣೆಯಿಂದಲೇ ಹಿಡಿ ಮಣ್ಣಿನ ಅಳತೆ ಎಕರೆಗಟ್ಟಲೆ ನೆಲದ ಅಳತೆಯಾಯಿತು.

ಎಣಿಕೆಯನ್ನು ನೀರಾಗಿಸುವುದು

ಎಣಿಕೆ ಸಿಕ್ಕಿತು. ಅದನ್ನು ಹಸಿಯ ಲೆಕ್ಕಕ್ಕೆ ತರಲು 2010ರಲ್ಲಿ ಡೆಸಿಲೆಟ್ಸ್ ಮತ್ತು ಸಂಗಡಿಗರು ಒಂದು ಸೂತ್ರ ಕೊಟ್ಟರು:

ಮಣ್ಣಿನ ಹಸಿ = 0.0808 ÷ (ಎಣಿಕೆಯ ಅನುಪಾತ − 0.372) − 0.115

ಎಣಿಕೆಯ ಅನುಪಾತ ಅಂದರೆ ಈಗಿನ ಎಣಿಕೆಯನ್ನು, ಅದೇ ಮಣ್ಣು ಪೂರ್ತಿ ಒಣಗಿದ್ದರೆ ಬರುತ್ತಿದ್ದ ಎಣಿಕೆಯಿಂದ ಭಾಗಿಸಿದ್ದು. ಹಸಿ ಅಂದರೆ ಒಂದು ಗ್ರಾಂ ಒಣ ಮಣ್ಣಿಗೆ ಎಷ್ಟು ಗ್ರಾಂ ನೀರು ಅನ್ನುವುದು.

ಸುಮ್ನೆ ಸೂತ್ರ ನೋಡಿದರೆ ಏನೂ ತಿಳಿಯುವುದಿಲ್ಲ. ಒಂದು ಲೆಕ್ಕ ಮಾಡಿಯೇ ನೋಡೋಣ. ಪೂರ್ತಿ ಒಣ ಮಣ್ಣಿಗೆ ಗಂಟೆಗೆ 3000 ಎಣಿಕೆ ಅಂತ ಇಟ್ಟುಕೊಳ್ಳಿ. ಹಸಿ ಶೇ. 5 ಇದ್ದಾಗ ಎಣಿಕೆ ಸುಮಾರು 2585. ಶೇ. 10 ಆದಾಗ 2243. ಅಂದರೆ 340ರಷ್ಟು ಇಳಿತ. ಈಗ ಒದ್ದೆ ಮಣ್ಣಿಗೆ ಬನ್ನಿ. ಶೇ. 30ಕ್ಕೆ 1700, ಶೇ. 40ಕ್ಕೆ 1587. ಹಸಿ ಎರಡು ಪಟ್ಟು ದೊಡ್ಡ ಹೆಜ್ಜೆ ಇಟ್ಟರೂ ಇಳಿತ ಬರೀ 113.

ಇದರ ಜೊತೆ ಎಣಿಕೆಯ ಸಹಜ ಏರುಪೇರನ್ನೂ ಇಡಬೇಕು. ನ್ಯೂಟ್ರಾನ್‌ಗಳು ಹೇಳಿದ ಹೊತ್ತಿಗೆ ಬರುವಂಥವಲ್ಲ. 1600 ಎಣಿಕೆ ಬಂದರೆ ಅದರ ವರ್ಗಮೂಲ 40, ಅಷ್ಟು ಆಚೀಚೆ ಆಗುವುದು ಸಹಜ. ಒದ್ದೆ ಮಣ್ಣಿನಲ್ಲಿ 113ರ ಬದಲಾವಣೆ ಹುಡುಕುವಾಗ 40ರ ಅಲುಗಾಟ ಕಿರಿಕಿರಿಯೇ. 24 ಗಂಟೆ ಕೂಡಿಸಿದರೆ ಈ ಅಲುಗಾಟ ಎಣಿಕೆಯ ಶೇ. 0.5ಕ್ಕೆ ಇಳಿಯುತ್ತದೆ. ಒಣ ಸೀಮೆಯಲ್ಲಿ ಕೊಳವೆ ಚುರುಕು, ಒದ್ದೆ ನೆಲದಲ್ಲಿ ತಾಳ್ಮೆ ಬೇಕು. ಒರೆಗೆ ಹಚ್ಚಲು ಸಾಂಟಾ ರೀಟಾ ಒಳ್ಳೆಯ ಜಾಗವಾದದ್ದಕ್ಕೆ ಇದೂ ಒಂದು ಕಾರಣ. ಗಿಡಗಳೂ ವಿರಳ, ಹಾಗಾಗಿ ಎಲೆ ಕಾಂಡದ ನೀರು ಲೆಕ್ಕಕ್ಕೆ ಅಡ್ಡ ಬರುವುದು ಕಡಿಮೆ.

ಪೂರ್ತಿ ಒಣಗಿದ ನೆಲದ ಎಣಿಕೆ ಎಷ್ಟು ಅಂತ ತಿಳಿಯುವುದು ಹೇಗೆ? ಬಯಲನ್ನು ಒಣಗಿಸಲಂತೂ ಆಗುವುದಿಲ್ಲ. ಇಲ್ಲಿ ಮೈ ಬಗ್ಗಿಸುವ ಕೆಲಸ ಬರುತ್ತದೆ. ಕಂಬದಿಂದ ಆರು ದಿಕ್ಕಿಗೆ, ಪ್ರತಿ ದಿಕ್ಕಿನಲ್ಲಿ 25, 75 ಮತ್ತು 200 ಮೀಟರ್ ದೂರದಲ್ಲಿ, ಒಟ್ಟು 18 ಕಡೆ ಲೋಹದ ಕೊಳವೆ ಬಡಿದು ಮಣ್ಣಿನ ತಿರುಳು ತೆಗೆಯುತ್ತಾರೆ. ಪ್ರತಿ ಕಡೆ 30 ಸೆಂಟಿಮೀಟರ್ ಆಳದವರೆಗೆ, 5 ಸೆಂಟಿಮೀಟರಿಗೆ ಒಂದರಂತೆ ಆರು ತುಂಡು. ಒಟ್ಟು 108. ಒಂದೊಂದನ್ನೂ ಹಸಿ ಆರುವ ಮುಂಚೆ ಮುಚ್ಚಿಟ್ಟು ತೂಗಬೇಕು. ಆಮೇಲೆ 105 ಡಿಗ್ರಿ ಒಲೆಯಲ್ಲಿ ಒಣಗಿಸಿ ಮತ್ತೆ ತೂಗಬೇಕು. ಕಲ್ಲು ಸಿಕ್ಕಿ ಕೊಳವೆ ಡೊಂಕಾದರೆ ಪಕ್ಕಕ್ಕೆ ಸರಿದು ಮತ್ತೆ ಬಡಿಯಬೇಕು. ಆ ದಿನದ ಸರಾಸರಿ ಹಸಿ ಮತ್ತು ಆ ದಿನದ ಎಣಿಕೆ, ಎರಡನ್ನೂ ಸೂತ್ರದಲ್ಲಿ ಇಟ್ಟರೆ ಒಣ ನೆಲದ ಎಣಿಕೆ ಹೊರಬರುತ್ತದೆ. ಕೊಳವೆ ನೆಲ ಮುಟ್ಟದೆ ಅಳೆಯುತ್ತದೆ ಅನ್ನುವುದು ನಿಜ. ಆದರೆ ಅದಕ್ಕೆ ಮೊದಲ ಪಾಠ ಹೇಳಿಕೊಡಲು ಯಾರಾದರೂ ಒಂದು ದಿನ ಮಂಡಿಯೂರಿ ನೆಲ ಅಗೆಯಲೇಬೇಕು. ಇದನ್ನು ಮುಚ್ಚಿಟ್ಟು ಉಪಕರಣವನ್ನು ಹೊಗಳುವುದು ಸರಿಯಲ್ಲ.

ಮಣ್ಣಿನ ನೀರಲ್ಲದೆ ಬೇರೆ ಕಾರಣಕ್ಕೂ ಎಣಿಕೆ ಏರಿಳಿಯುತ್ತದೆ, ಅದನ್ನೂ ತಿದ್ದಬೇಕು. ಈ ತಿದ್ದುಪಡಿಗಳಲ್ಲಿ ಮುಖ್ಯವಾದದ್ದು ಗಾಳಿಯ ಒತ್ತಡದ್ದು. ಒತ್ತಡ 1 ಹೆಕ್ಟೋಪಾಸ್ಕಲ್ ಇಳಿದರೆ ಎಣಿಕೆ ಸುಮಾರು ಶೇ. 0.75 ಏರುತ್ತದೆ, ಯಾಕೆಂದರೆ ತಲೆಯ ಮೇಲಿನ ಗಾಳಿಯ ಹೊದಿಕೆ ತೆಳುವಾಯಿತು. ಒತ್ತಡ 10 ಹೆಕ್ಟೋಪಾಸ್ಕಲ್ ಬಿದ್ದು ಮಳೆ ಬಂತು ಅಂತ ಇಟ್ಟುಕೊಳ್ಳಿ. ಎಣಿಕೆ ಶೇ. 7.5ರಷ್ಟು ಮೇಲೆ ಹೋಗುತ್ತದೆ. ಮೇಲಿನ ಲೆಕ್ಕದಲ್ಲಿ ಹಸಿ ಶೇ. 30ರಿಂದ 40ಕ್ಕೆ ಏರಿದಾಗ ಎಣಿಕೆ ಇಳಿದದ್ದೂ ಹೆಚ್ಚುಕಡಿಮೆ ಅಷ್ಟೇ! ಒತ್ತಡ ತಿದ್ದದೆ ಬಿಟ್ಟರೆ ಒಂದು ಇಡೀ ಮಳೆಯೇ ಲೆಕ್ಕದಿಂದ ಮಾಯವಾಗಬಹುದು. ಬಾನಿಂದ ಬರುವ ಕಿರಣಗಳೂ ಒಂದೇ ಸಮ ಇರುವುದಿಲ್ಲ, ಸೂರ್ಯನ 11 ವರ್ಷದ ಆವರ್ತನೆಗೆ ತಕ್ಕಂತೆ ಏರಿಳಿಯುತ್ತವೆ. ಅದಕ್ಕೆ ಸ್ವಿಟ್ಜರ್‌ಲೆಂಡಿನ ಯುಂಗ್‌ಫ್ರಾವ್‌ಯೋಖ್ ಪರ್ವತದ ಮೇಲಿನ ನ್ಯೂಟ್ರಾನ್ ಮಾಪಕದ ಎಣಿಕೆಯನ್ನು ನೋಡಿ ಸರಿಪಡಿಸುತ್ತಾರೆ. ಗಾಳಿಯ ಆವಿಯಲ್ಲೂ ಜಲಜನಕ ಇದೆ. ಘನ ಮೀಟರಿಗೆ 1 ಗ್ರಾಂ ಆವಿ ಹೆಚ್ಚಿದರೆ ಶೇ. 0.54 ತಿದ್ದಬೇಕು ಅಂತ 2013ರಲ್ಲಿ ನಿಗದಿಯಾಯಿತು.

ತಾಳೆ ಬಿದ್ದದ್ದು, ಬೀಳದ್ದು

180 ಕಡ್ಡಿಗಳ ಸರಾಸರಿಗೂ ಒಂದು ಕೊಳವೆಯ ಲೆಕ್ಕಕ್ಕೂ ನಡುವಿನ ವ್ಯತ್ಯಾಸ, ಮಣ್ಣಿನ ಗಾತ್ರದಲ್ಲಿ ನೀರಿನ ಪಾಲು ಎಷ್ಟು ಅನ್ನುವ ಲೆಕ್ಕದಲ್ಲಿ, ಶೇ. 2ಕ್ಕಿಂತ ಕಡಿಮೆ ಬಂತು. ಇಡೀ ಬಯಲಿಗೆ ಒಂದೇ ಅಂಕಿ ಕೊಡುವ ಸಾಧನಕ್ಕೆ ಇದು ತುಂಬ ಒಳ್ಳೆಯ ಫಲಿತಾಂಶ.

ಆದರೆ ನನಗೆ ಜಾಸ್ತಿ ಹಿಡಿಸಿದ್ದು ತಾಳೆ ಬೀಳದ ದಿನಗಳು. ಸಣ್ಣ ಮಳೆ ಬಿದ್ದಾಗ ಕೊಳವೆಯ ಎಣಿಕೆ ಕೂಡಲೇ ಇಳಿಯುತ್ತಿತ್ತು. ಕಡ್ಡಿಗಳಿಗೆ ಮಾತ್ರ ಏನೂ ಆಗಿಲ್ಲವೇನೋ ಅನ್ನುವಂತೆ ಅವುಗಳ ಅಂಕಿ ಅಲುಗುತ್ತಿರಲಿಲ್ಲ. ಯಾರು ತಪ್ಪು? ಯಾರೂ ಅಲ್ಲ. ಸಣ್ಣ ಮಳೆಯ ನೀರು ಮೇಲಿನ ಕೆಲವು ಸೆಂಟಿಮೀಟರ್ ಮಣ್ಣಿನಲ್ಲೇ ನಿಂತು, ಬಿಸಿಲು ಬಂದ ಕೂಡಲೇ ಆರಿಹೋಗುತ್ತದೆ. ಕಡ್ಡಿಗಳು ಅದಕ್ಕಿಂತ ಆಳದಲ್ಲಿ ಮಲಗಿವೆ. ನೀರು ಅವುಗಳವರೆಗೆ ಇಳಿಯಲೇ ಇಲ್ಲ. ಕೊಳವೆಗೆ ಮಾತ್ರ ನೆಲದ ಮೇಲ್ಮೈಯಿಂದಲೇ ಸುದ್ದಿ ಸಿಗುತ್ತದೆ. ಆ ಮೇಲ್ಪದರದ ನೀರನ್ನು ಕಂಪ್ಯೂಟರ್ ಮಾದರಿಯಿಂದ ಲೆಕ್ಕ ಹಾಕಿ ಕಡ್ಡಿಗಳ ಅಂಕಿಗೆ ಸೇರಿಸಿದಾಗ ವ್ಯತ್ಯಾಸ ಇನ್ನೂ ತಗ್ಗಿತು. ಒರೆಗಲ್ಲು ಅಂತ ಇಟ್ಟುಕೊಂಡಿದ್ದ 180 ಕಡ್ಡಿಗಳಲ್ಲೇ ಒಂದು ಕೊರತೆ ಇತ್ತು, ಅದನ್ನು ತೋರಿಸಿಕೊಟ್ಟದ್ದು ಪರೀಕ್ಷೆಗೆ ಕೂತಿದ್ದ ಕೊಳವೆ.

ಇನ್ನೊಂದು ತೊಡಕು ಆಳದ್ದು. ಕೊಳವೆ ಎಷ್ಟು ಆಳದವರೆಗೆ ನೋಡುತ್ತದೆ ಅನ್ನುವುದು ಹಸಿಯ ಮೇಲೆಯೇ ನಿಂತಿದೆ. 2008ರ ಲೆಕ್ಕದಂತೆ ಪೂರ್ತಿ ಒಣ ಮಣ್ಣಿನಲ್ಲಿ 76 ಸೆಂಟಿಮೀಟರ್, ನೀರು ತುಂಬಿದ ಮಣ್ಣಿನಲ್ಲಿ ಬರೀ 12. ಅಂದರೆ ಬೇಸಿಗೆಯಲ್ಲಿ ಅದು ಹೇಳುವುದು ಒಂದು ದಪ್ಪ ಪದರದ ಮಾತು, ಮಳೆಗಾಲದಲ್ಲಿ ಒಂದು ತೆಳು ಪದರದ ಮಾತು. ಆ ಪದರದೊಳಗೂ ಮೇಲಿನ ಮಣ್ಣಿಗೆ ತೂಕ ಜಾಸ್ತಿ, ಕೆಳಗಿನದಕ್ಕೆ ಕಡಿಮೆ. 180 ಕಡ್ಡಿಗಳ ಅಂಕಿಯನ್ನು ಕೂಡಿಸಿ 180ರಿಂದ ಭಾಗಿಸಿದರೆ ಹೋಲಿಕೆ ಆಗುವುದಿಲ್ಲ. ಮೇಲಿನ ಕಡ್ಡಿಗೆ ಹೆಚ್ಚು, ಕೆಳಗಿನದಕ್ಕೆ ಕಡಿಮೆ ಪಾಲು ಕೊಟ್ಟು ಸರಾಸರಿ ತೆಗೆಯಬೇಕು. ಈ ಅಂಕಿಗಳನ್ನು ಬಳಸುವವರು ಇದನ್ನು ಮರೆತರೆ, ಜೋರು ಮಳೆಯ ಮಾರನೆಯ ದಿನ ನೆಲದ ಆಳದಲ್ಲೂ ಹಸಿ ತುಂಬಿದೆ ಅಂತ ತಪ್ಪು ತಿಳಿಯುವ ಸಾಧ್ಯತೆ ಇದೆ.

ಮಣ್ಣಿನ ಖನಿಜಗಳೊಳಗೆ ಕಟ್ಟಿಹಾಕಿಕೊಂಡ ನೀರೂ ಇದೆ. 105 ಡಿಗ್ರಿ ಒಲೆಗೆ ಅದು ಬಗ್ಗುವುದಿಲ್ಲ, ಗಿಡಕ್ಕೂ ಸಿಗುವುದಿಲ್ಲ, ನ್ಯೂಟ್ರಾನಿಗೆ ಮಾತ್ರ ಅದೂ ನೀರೇ. ಜೇಡಿ ಮಣ್ಣಿನಲ್ಲಿ ಇದು ಹೆಚ್ಚು. ಇದನ್ನು ಬೇರೆಯಾಗಿ ಪ್ರಯೋಗಾಲಯದಲ್ಲಿ ಅಳೆಸಿ ಕಳೆಯಬೇಕು.

ಕುಗ್ಗಿದ ವೃತ್ತ

ಸಾಂಟಾ ರೀಟಾದ ಕೆಲಸ ನಡೆದಾಗ ಕೊಳವೆ ಕಂಬದ ಸುತ್ತ 300 ಮೀಟರಿಗಿಂತ ಆಚೆಯವರೆಗೂ ನೋಡುತ್ತದೆ ಅಂತ ತಿಳಿದಿದ್ದರು. 300 ಮೀಟರ್ ಅಂದರೆ 28 ಹೆಕ್ಟೇರ್, ಹತ್ತಿರ ಹತ್ತಿರ 70 ಎಕರೆ. 2015ರಲ್ಲಿ ಜರ್ಮನಿಯ ಮಾರ್ಕುಸ್ ಕೋಲಿ ಮತ್ತು ಸಂಗಡಿಗರು ನ್ಯೂಟ್ರಾನ್‌ಗಳ ಓಡಾಟವನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಲೆಕ್ಕ ಹಾಕಿದರು. ಗಾಳಿಯ ತೇವ, ಮಣ್ಣಿನ ಹಸಿ ಎಲ್ಲ ಸೇರಿಸಿ ನೋಡಿದರೆ ವೃತ್ತ 130 ರಿಂದ 240 ಮೀಟರ್ ಒಳಗೇ ಬರುತ್ತದೆ ಅಂತ ಗೊತ್ತಾಯಿತು. ಅಷ್ಟೇ ಅಲ್ಲ, ಕಂಬದ ಬುಡದ ಕೆಲವು ಮೀಟರ್ ನೆಲದ ಪಾಲು ಅಂದುಕೊಂಡಿದ್ದಕ್ಕಿಂತ ಬಹಳ ಜಾಸ್ತಿ.

ಇದರಿಂದ 25, 75, 200 ಮೀಟರಿನ ಹಳೆಯ ಪದ್ಧತಿಗೇ ಪೆಟ್ಟು ಬಿತ್ತು. ಆ ದೂರಗಳನ್ನು ಆರಿಸಿದ್ದು ಮೂರು ಸುತ್ತಿಗೂ ಸಮಪಾಲು ಸಿಗಲಿ ಅಂತ. ಹೊಸ ಲೆಕ್ಕದಲ್ಲಿ ಪಾಲು ಸಮ ಉಳಿಯಲಿಲ್ಲ. ಈಗ ಕಂಬ ನೆಡುವವರು ಬುಡದ ಹತ್ತಿರವೂ ಮಣ್ಣು ತೆಗೆಯಬೇಕು, ಹತ್ತಿರದ ಮಣ್ಣಿಗೆ ಹೆಚ್ಚು ಪಾಲು ಕೊಡಬೇಕು. ಕಂಬದ ಪಕ್ಕದಲ್ಲೇ ಡಾಂಬರು ರಸ್ತೆ ಇದ್ದರೆ ಇಡೀ ಬಯಲಿನ ಲೆಕ್ಕಕ್ಕೆ ಆ ರಸ್ತೆಯೂ ಕೈ ಹಾಕುತ್ತದೆ. ನನ್ನ ಮಟ್ಟಿಗೆ ಜಾಗ ಆರಿಸುವ ದಿನವೇ ಅರ್ಧ ಅಳತೆ ಮುಗಿದಿರುತ್ತದೆ.

ಅದೇ ಕೊಳವೆ, ಹಿಮದಲ್ಲಿ

ಹಿಮ ಅಂದರೆ ನೀರೇ, ಹಾಗಾಗಿ ತತ್ವ ಬದಲಾಗುವುದಿಲ್ಲ. ಬೇಕಾದದ್ದು ಹಿಮದ ದಪ್ಪವಲ್ಲ, ಕರಗಿದರೆ ಎಷ್ಟು ಮಿಲಿಮೀಟರ್ ನೀರು ಅನ್ನುವುದು. ಹೊಸದಾಗಿ ಬಿದ್ದ ಒಂದು ಮೀಟರ್ ಹಗುರ ಹಿಮಕ್ಕೂ ವಸಂತದ ಒಂದು ಮೀಟರ್ ಗಟ್ಟಿ ಹಿಮಕ್ಕೂ ನೀರಿನಲ್ಲಿ ಹಲವು ಪಟ್ಟು ವ್ಯತ್ಯಾಸ. ನ್ಯೂಟ್ರಾನ್ ದಪ್ಪ ನೋಡುವುದಿಲ್ಲ, ಜಲಜನಕವನ್ನಷ್ಟೇ ನೋಡುತ್ತದೆ. ಇಲ್ಲಿ ಅದೇ ಅನುಕೂಲ.

ಕೊಳವೆ ಎಲ್ಲಿ ಕೂರುತ್ತದೆ ಅನ್ನುವುದು ಇಲ್ಲೂ ಎಲ್ಲವನ್ನೂ ತೀರ್ಮಾನಿಸುತ್ತದೆ. ಫ್ರಾನ್ಸಿನ ವಿದ್ಯುತ್ ಸಂಸ್ಥೆ ಇಡಿಎಫ್ ತನ್ನ ಜಲವಿದ್ಯುತ್ ಅಣೆಕಟ್ಟುಗಳಿಗೆ ವಸಂತದಲ್ಲಿ ಎಷ್ಟು ನೀರು ಬರುತ್ತದೆ ಅಂತ ಅಂದಾಜಿಸಲು ಆಲ್ಪ್ಸ್ ಮತ್ತು ಪಿರನೀಸ್ ಪರ್ವತಗಳಲ್ಲಿ ಇಂಥ ಕೊಳವೆಗಳನ್ನು ಹಿಮದ ಅಡಿಯಲ್ಲಿ, ನೆಲಮಟ್ಟದಲ್ಲಿ ಇಟ್ಟಿದೆ. ಮೇಲಿಂದ ಇಳಿಯುವ ನ್ಯೂಟ್ರಾನ್‌ಗಳನ್ನು ಹಿಮ ತಡೆಯುತ್ತಾ ಹೋಗುತ್ತದೆ, ಉಳಿದವನ್ನು ಕೊಳವೆ ಎಣಿಸುತ್ತದೆ. ಮೀಟರುಗಟ್ಟಲೆ ಹಿಮ ಬಿದ್ದರೂ ನಡೆಯುತ್ತದೆ. ಆದರೆ ಅದು ಕಾಣುವುದು ತನ್ನ ತಲೆಯ ಮೇಲಿನ ಹಿಮವನ್ನಷ್ಟೇ. ಗಾಳಿ ಅಲ್ಲಿಗೆ ಹಿಮ ಗುಡ್ಡೆ ಹಾಕಿದರೆ ಲೆಕ್ಕವೂ ಗುಡ್ಡೆಯದ್ದೇ ಆಗುತ್ತದೆ.

ಕಂಬದ ಮೇಲೆ ಇಟ್ಟರೆ ಇಡೀ ಇಳಿಜಾರಿನ ಸರಾಸರಿ ಸಿಗುತ್ತದೆ, ಗುಡ್ಡೆಯೂ ಬಯಲೂ ಸೇರಿ. ಅಲ್ಲಿ ಮಿತಿ ಬೇರೆ. ಹಿಮ ಏರಿದಂತೆ ಎಣಿಕೆಯ ಇಳಿತ ಮಂದವಾಗುತ್ತದೆ. ಆಸ್ಟ್ರಿಯಾದ ಆಲ್ಪ್ಸ್‌ನಲ್ಲಿ ಕಂಬದ ಮೇಲಿನ ಕೊಳವೆ 600 ಮಿಲಿಮೀಟರ್ ನೀರಿನಷ್ಟು ಹಿಮದವರೆಗೂ ಬದಲಾವಣೆ ಗುರುತಿಸಿದ್ದು 2017ರಲ್ಲಿ ವರದಿಯಾಯಿತು.

ಕಂಬದ ಮೇಲಿನ ಕೊಳವೆಯ ವಿಷಯದಲ್ಲಿ ಮೊದಲ ಹಿಮ ಬೀಳುವ ಮುಂಚಿನ ಎಣಿಕೆಯನ್ನು ಜೋಪಾನವಾಗಿ ಬರೆದಿಡಬೇಕು. ಹಿಮದ ಅಡಿಯ ಮಣ್ಣಿನಲ್ಲೂ ನೀರಿರುತ್ತದೆ, ನ್ಯೂಟ್ರಾನಿಗೆ ಎರಡೂ ಒಂದೇ. ಶರತ್ಕಾಲದ ಕೊನೆಯ ಮಳೆಗೆ ನೆಲ ನೆಂದಿತ್ತೋ ಒಣಗಿತ್ತೋ ಅನ್ನುವುದು ತಿಳಿಯದಿದ್ದರೆ, ಚಳಿಗಾಲದ ಮೊದಲ ವಾರಗಳ ತೆಳು ಹಿಮದ ಲೆಕ್ಕದಲ್ಲಿ ಮಣ್ಣಿನ ನೀರೂ ಹಿಮವಾಗಿ ಸೇರಿಹೋಗುತ್ತದೆ.